ದೀಕ್ಷಾಸ್ನಾನಕ್ಕೆ ಹೊಸಬರನ್ನು ಒಂದು ವರ್ಷ ಕಾಯಿಸಬೇಕಾ?

ಪರ: ಕಾಯಿಸಲೇಬೇಕು
(ಗುಬ್ಬಿ ತಾಲ್ಲೂಕಿನ ಸಂಡೇ ಸ್ಕೂಲ್ ಶಿಕ್ಷಕಿ)

ದೀಕ್ಷಾಸ್ನಾನ ಅಂದರೆ ನೀರಿನ ಸ್ನಾನ ಕೊಟ್ಟು ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವುದು. ಅದಕ್ಕೆ ಮುಂಚೆ ಒಂದು ವರ್ಷ ಕಲಿಯುವುದು ಜಾಸ್ತಿ ಆಯಿತು ಅನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಹಳೆಯ ಕಾಲದ ಸಭಾ ನಿಯಮಗಳಲ್ಲಿ ಮೂರು ವರ್ಷ ಕಲಿಯಬೇಕು ಅಂತ ಇತ್ತು. ಕಥೋಲಿಕರು ಮೊದಲು ಕಲಿಸುವ ಆ ಪದ್ಧತಿಯನ್ನು ತಮ್ಮ ಬಿಷಪ್‌ಗಳೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ, 1972ರಲ್ಲಿ, ಮತ್ತೆ ಜಾರಿಗೆ ತಂದರು. ದೊಡ್ಡವರಾಗಿ ಬಂದವರು ತಿಂಗಳುಗಟ್ಟಲೆ ಕಲಿತು, ಈಸ್ಟರ್ ಹಿಂದಿನ ರಾತ್ರಿ ದೀಕ್ಷಾಸ್ನಾನ ಪಡೆಯುತ್ತಾರೆ. ನಮಗೆ ಮಾತ್ರ ಯಾಕಿಷ್ಟು ಅವಸರ?

ಕಾರಣ ನನಗೆ ಗೊತ್ತು. ಊರೂರು ಸುತ್ತುವ ಕೆಲವು ಪಾಸ್ಟರುಗಳಿಗೆ ಲೆಕ್ಕ ಬೇಕು, ಫೋಟೋ ಬೇಕು. ಮಗುವಿಗೆ ಜ್ವರ ಬಿಟ್ಟಿತಾ, ನಡೀರಿ ಕೆರೆಗೆ. ಮುಂದಿನ ತಿಂಗಳು ಮತ್ತೆ ಜ್ವರ ಬಂದರೆ ಆ ಮನೆಯವರು ಯಾರನ್ನು ಕೇಳಬೇಕು? ಅಷ್ಟೊತ್ತಿಗೆ ಪಾಸ್ಟರು ಶಿರಾ ಕಡೆ ಇರುತ್ತಾರೆ.

ಇನ್ನು ಕಾಗದದ ವಿಷಯ. ಇದನ್ನು ಪ್ರಸಂಗದಲ್ಲಿ ಯಾರೂ ಎತ್ತುವುದಿಲ್ಲ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯವರು ಕ್ರೈಸ್ತರಾದರೆ ಆ ಪಟ್ಟಿಯಿಂದ ಹೊರಗೆ. ಸಿಖ್ಖರನ್ನು 1956ರಲ್ಲಿ, ಬೌದ್ಧರನ್ನು 1990ರಲ್ಲಿ ಒಳಗೆ ಸೇರಿಸಿದರು. ನಮ್ಮವರು ಇನ್ನೂ ಹೊರಗೇ ಇದ್ದಾರೆ. ಪಾವಗಡ ಕಡೆಯ ನಾಯಕ ಸಮುದಾಯದವರಿಗೆ ಈ ತೊಡಕಿಲ್ಲ, ಪರಿಶಿಷ್ಟ ಪಂಗಡಕ್ಕೆ ಧರ್ಮದ ಷರತ್ತು ಇಲ್ಲ. 2024ರ ನವೆಂಬರ್‌ನಲ್ಲಿ ಪುದುಚೇರಿಯ ಒಬ್ಬ ಮಹಿಳೆಗೆ ಎಸ್‌ಸಿ ಸರ್ಟಿಫಿಕೇಟ್ ಕೊಡಲಾಗದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಆಕೆ ಮಗುವಾಗಿದ್ದಾಗ ಆದ ದೀಕ್ಷಾಸ್ನಾನದ ದಾಖಲೆಯೂ ಆ ಕೇಸಿನಲ್ಲಿ ಮುಂದೆ ಬಂತು. ಈ ಕಾನೂನು ಅನ್ಯಾಯ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಮಗನ ಹಾಸ್ಟೆಲ್ ಸೀಟಿಗೆ ಏನಾಗಬಹುದು ಅಂತ ಒಬ್ಬ ತಾಯಿಗೆ ನೀರಿಗೆ ಇಳಿಯುವ ಮುಂಚೆ ಗೊತ್ತಿರಬೇಕು, ಅಲ್ವಾ? ಗೊತ್ತಿದ್ದೂ ಬಂದರೆ ಅದು ಅವಳ ತೀರ್ಮಾನ.

ನಮ್ಮ ಸಭೆಗೆ ಒಬ್ಬಾಕೆ ಬಂದರು. ಅಡಿಕೆ ಸುಲಿಯುವ ಕೆಲಸ. ಹಿಂದಿನ ಚಾಪೆಯಲ್ಲಿ ಕೂರುತ್ತಿದ್ದರು. ಬಂದ ವಾರವೇ, "ಅಯ್ನೋರೇ, ನಂಗೂ ದೀಕ್ಷಾಸ್ನಾನ ಕೊಟ್ಬಿಡಿ" ಅಂದರು. ನಮ್ಮ ಅಯ್ಯನವರು, ಅಂದರೆ ಪಾಸ್ಟರು, "ಕೂತ್ಕೊಳಮ್ಮ, ಮೊದ್ಲು ಕೇಳು" ಅಂದರು. ಆಕೆಗೆ ಸಿಟ್ಟು ಬಂತು. ಕೆಲವು ಭಾನುವಾರ ಈ ಕಡೆ ತಲೆ ಹಾಕಲಿಲ್ಲ. ಆಮೇಲೆ ಒಂದು ಸಂಜೆ ಡೇರಿಗೆ ಹಾಲು ಹಾಕಿ, ಖಾಲಿ ಕ್ಯಾನು ಹಿಡಿದುಕೊಂಡೇ ನಮ್ಮ ಜಗಲಿಗೆ ಬಂದು ಕೂತರು. ಓದಲು ಬರುತ್ತಿರಲಿಲ್ಲ. ಅಕ್ಷರ ಕಲಿತದ್ದು ಮಾರ್ಕನ ಸುವಾರ್ತೆಯಲ್ಲಿ.

ಆ ವರ್ಷ ನಾನು ಕಲಿಸಿದ್ದಕ್ಕಿಂತ ಅವರು ಕೇಳಿದ್ದೇ ಜಾಸ್ತಿ. "ಮನೆದೇವ್ರ ಪೂಜೆಗೆ ಅತ್ತೆ ಜೊತೆ ಹೋಗ್ಲಾ ಬೇಡ್ವಾ? ಹೋಗ್ಲಿಲ್ಲ ಅಂದ್ರೆ ಊಟ ಬಿಡ್ತಾರೆ." "ಮಗಳ ಮದ್ವೆಗೆ ನಮ್ಮೋರು ಯಾರು ಬರ್ತಾರೆ?" ಒಂದು ದಿನ ಕೇಳಿದರು, "ನಾನು ಸತ್ರೆ ಎಲ್ಲಿ ಹೂಳ್ತೀರಿ?" ಇದಕ್ಕೆ ನಮ್ಮ ಸಭೆಯ ಹಿರಿಯರ ಹತ್ತಿರವೂ ಉತ್ತರ ಇರಲಿಲ್ಲ. ಸಮಾಧಿ ಜಾಗಕ್ಕೆ ತಾಲ್ಲೂಕು ಕಚೇರಿಗೆ ಅರ್ಜಿ ಹಾಕಿದ್ದೇ ಆಕೆ ಕೇಳಿದ ಮೇಲೆ. ಅವಸರದಲ್ಲಿ ನೀರಿಗೆ ಇಳಿಸಿದ್ದರೆ ಈ ಪ್ರಶ್ನೆ ಯಾವಾಗ ಬರುತ್ತಿತ್ತು? ಹೆಣ ಮುಂದಿಟ್ಟುಕೊಂಡು ಬರುತ್ತಿತ್ತು.

ದೀಕ್ಷಾಸ್ನಾನದ ದಿನ ಗಂಡ ಗೇಟಿನ ಆಚೆ ಬೈಕ್ ಮೇಲೆ ಕೂತಿದ್ದರು. ಒಳಗೆ ಬರಲಿಲ್ಲ. ಪ್ರೀತಿಭೋಜನದ ಹೊತ್ತಿಗೆ ಬಂದು ಚಿತ್ರಾನ್ನ ತಿಂದು, ಇನ್ನೊಂದು ಸಲ ಹಾಕಿಸಿಕೊಂಡರು. ಈಗ ಹೊಸಬರು ಬಂದರೆ ಕೂರಿಸಿಕೊಂಡು ಮಾತಾಡುವುದು ಆ ಯಮ್ಮನೇ.

ಎದುರು ಬರೆಯುವವರು ಬೈಬಲಿನಲ್ಲಿ ದಾರಿಯಲ್ಲೇ ದೀಕ್ಷಾಸ್ನಾನ ಪಡೆದ ಐಥಿಯೋಪ್ಯದ ಕಂಚುಕಿಯ, ಅಂದರೆ ರಾಣಿಯ ಅಧಿಕಾರಿಯ, ಕಥೆ ತೆಗೆಯುತ್ತಾರೆ, ನೋಡಿ ಬೇಕಾದರೆ. ಆ ಮನುಷ್ಯ ರಥದಲ್ಲಿ ಕೂತು ಪ್ರವಾದಿ ಯೆಶಾಯನ ಪುಸ್ತಕ ಓದುತ್ತಿದ್ದ. ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಯೆಶಾಯ ಓದುತ್ತಾ ಕೂತವರು ಸಿಕ್ಕರೆ ಕರೆದುಕೊಂಡು ಬನ್ನಿ, ಅವತ್ತೇ ಕೊಡಿಸೋಣ.

ವಿರೋಧ: ಅಡ್ಡಿ ಏನು?
(ಕೋಲಾರ ತಾಲ್ಲೂಕಿನ ಒಂದು ಸಭೆಯ ಯುವಕ)

ಪರ ಬರೆಯಲು ಒಬ್ಬರು ಮೊದಲೇ ಒಪ್ಪಿದ್ದರಂತೆ. ಉಳಿದದ್ದು ಈ ಕಡೆ. ಸರಿ, ಬರೆಯುತ್ತೇನೆ.

ಮೊದಲ ಸಭೆಯ ಕಥೆ ಹೇಳುವ ಬೈಬಲ್ ಪುಸ್ತಕ ಅಪೊಸ್ತಲರ ಕೃತ್ಯಗಳಲ್ಲಿ ವರ್ಷಗಟ್ಟಲೆ ಕಾಯಿಸಿದ ಒಂದು ಉದಾಹರಣೆಯೂ ಇಲ್ಲ. ಪಂಚಾಶತ್ತಮ ದಿನ, ಅಂದರೆ ಈಸ್ಟರ್‌ನಿಂದ ಐವತ್ತನೇ ದಿನ, ಸುಮಾರು 3,000 ಜನ ಸೇರಿದರು, ಅದೂ ಒಂದೇ ದಿನ. ಫಿಲಿಪ್ಪಿ ಪಟ್ಟಣದಲ್ಲಿ ಅಪೊಸ್ತಲ ಪೌಲ ಸೆರೆಯಲ್ಲಿದ್ದಾಗ ನಡುರಾತ್ರಿ ಭೂಕಂಪವಾಯಿತು. ಸೆರೆಮನೆಯ ಯಜಮಾನ ಆ ರಾತ್ರಿಯೇ ಮನೆಮಂದಿಯ ಜೊತೆ ದೀಕ್ಷಾಸ್ನಾನ ಮಾಡಿಸಿಕೊಂಡ. ಮುಂದಿನ ವರ್ಷ ಬಾ ಅಂತ ಪೌಲ ಹೇಳಲಿಲ್ಲ. ಕಂಚುಕಿ ನೀರು ಕಂಡ ಕೂಡಲೇ ಅಡ್ಡಿ ಏನು ಅಂತ ಕೇಳಿದ. ಅವನಿಗೆ ದೀಕ್ಷಾಸ್ನಾನ ಕೊಟ್ಟ ಫಿಲಿಪ್ಪ ಸಿಲಬಸ್ ಕೊಡಲಿಲ್ಲ.

ಕಾಯುವುದು ರೂಢಿಯಾದರೆ ಏನಾಗುತ್ತದೆ? ಕಾನ್‌ಸ್ಟಂಟೈನ್ ಚಕ್ರವರ್ತಿ ಕಾದೂ ಕಾದೂ 337ರಲ್ಲಿ ಸಾಯುವ ಹಾಸಿಗೆಯಲ್ಲಿ ದೀಕ್ಷಾಸ್ನಾನ ತೆಗೆದುಕೊಂಡ. ಪರ ಬರೆದವರಿಗೆ ಅದೇ ಇಷ್ಟ ಇರಬೇಕು. ಎಸ್‌ಎಸ್‌ಎಲ್‌ಸಿ ಥರ ಪರೀಕ್ಷೆ ಇಟ್ಟು, ಫೇಲಾದವರಿಗೆ ಸಪ್ಲಿಮೆಂಟರಿ ಕೂಡ ಇಡಬಹುದು.

ನಮ್ಮ ಕಡೆಯ ಕಷ್ಟ ಬೇರೆ. ಹುಡುಗಿಯರು ನರಸಾಪುರದ ಫ್ಯಾಕ್ಟರಿಗೆ ಹೋಗುತ್ತಾರೆ. ಶಿಫ್ಟ್ ಬದಲಾದರೆ ಭಾನುವಾರವೂ ಡ್ಯೂಟಿ. ಟೊಮೆಟೊ ಸೀಸನ್ನಿನಲ್ಲಿ ಕೋಲಾರದ ಮಾರ್ಕೆಟ್ಟಿಗೆ ಕ್ರೇಟ್ ಇಳಿಸಲು ಹೋಗುವವರು ಬೆಳಗಿನ ಆರಾಧನೆಗೆ ಸಿಗುವುದೇ ಇಲ್ಲ. ಇವರಿಗೆ ವರ್ಷದ ಕ್ಲಾಸ್ ಯಾರು, ಯಾವಾಗ ಮಾಡುತ್ತಾರೆ? ಟೈಮ್ ಇರುವವರು, ಅಂದರೆ ಸ್ವಲ್ಪ ಅನುಕೂಲ ಇರುವವರು ಪಾಸಾಗುತ್ತಾರೆ. ಕೂಲಿಯವರು ಹೊರಗೆ ನಿಲ್ಲುತ್ತಾರೆ. ನನ್ನ ಈ ಒಂದು ಮಾತನ್ನು ಮಾತ್ರ ನಾನು ಪೂರ್ತಿ ನಂಬುತ್ತೇನೆ.

ಸರ್ಟಿಫಿಕೇಟಿನ ಮಾತು ಬಂದೇ ಬರುತ್ತದೆ. ಅದು ದೆಹಲಿಯಲ್ಲಿ ಬಗೆಹರಿಯಬೇಕಾದದ್ದು. ಬಿಡಿ.

ನೀರಿನದ್ದೂ ಒಂದು ಕಥೆ. ಮುಂಚೆ ನಮ್ಮ ಕೆರೆ ಒಣಗಿತ್ತು, ಯಾರದೋ ತೋಟದ ಬೋರ್‌ವೆಲ್ ತೊಟ್ಟಿಯಲ್ಲಿ ಮುಳುಗಿಸುತ್ತಿದ್ದರು. 2018ರಲ್ಲಿ ಜಿಲ್ಲೆಗೆ ಕೆ.ಸಿ. ವ್ಯಾಲಿ ನೀರು ಬರಲು ಶುರುವಾಯಿತು. ಆಮೇಲೆ ನಮ್ಮ ಕೆರೆಯೂ ತುಂಬಿತು. ಬೆಂಗಳೂರಿನ ಕೊಳಚೆಯನ್ನು ಶುದ್ಧ ಮಾಡಿ ಬಿಡುವ ನೀರು ಅದು. ನಮ್ಮಜ್ಜಿ ನೋಡಿ, "ಇದ್ರಲ್ಲಿ ಮುಳುಗಿದ್ರೆ ಪಾಪ ಹೋಗುತ್ತೋ, ಇನ್ನೊಂದಿಷ್ಟು ಅಂಟ್ಕೊಳ್ಳುತ್ತೋ" ಅಂದರು. ಈಗಲೂ ತೊಟ್ಟಿಯಲ್ಲೇ ನಡೆಯುತ್ತದೆ. ವಿಷಯಕ್ಕೆ ಇದು ಸಂಬಂಧ ಇಲ್ಲ, ಸುಮ್ನೆ ಬರೆದೆ.

ಕೊನೆಗೆ ಒಂದು ಲೆಕ್ಕ. ನಮ್ಮ ರಾಜ್ಯದ 2022ರ ಮತಾಂತರ ನಿಷೇಧ ಕಾಯ್ದೆಯನ್ನು ನಾವೆಲ್ಲ ಬೈದೆವು. 2023ರ ಜೂನ್‌ನಲ್ಲಿ ಅದನ್ನು ಹಿಂದಕ್ಕೆ ಪಡೆಯಲು ಸಚಿವ ಸಂಪುಟ ತೀರ್ಮಾನಿಸಿದಾಗ ಸ್ತೋತ್ರ ಹೇಳಿದೆವು. ಆ ಕಾಯ್ದೆ ಕೂಡ ಕೇಳಿದ್ದು ಮತಾಂತರ ಆಗುವ 30 ದಿನ ಮುಂಚೆ ಡಿಸಿಗೆ ತಿಳಿಸಿ ಅಂತ. ಡಿಸಿ ಆಫೀಸಿಗೆ 30 ದಿನ ಸಾಕಾಗಿದ್ದರೆ ದೇವರ ಸಭೆಗೆ 365 ಯಾಕೆ? ಕಲಿಸುವುದೇ ಬೇಡ ಅಂತ ನಾನೂ ಹೇಳುವುದಿಲ್ಲ. ಮೂರು ತಿಂಗಳು ಅಂದರೆ ಒಪ್ಪಬಹುದು. ಕ್ಲಾಸನ್ನು ರಾತ್ರಿ ಎಂಟರ ಮೇಲೆ ಇಟ್ಟರೆ ನಾಲ್ಕು ತಿಂಗಳಿಗೂ ಸೈ.