ಅಂಬಾರಿಗೆ ಹಗ್ಗ, ಕೂಸಿಗೆ ಮಡಿಲು

ಕಟ್ಟುವ ವಿದ್ಯೆಯಲ್ಲಿ ಮೈಸೂರಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ವಿಜಯದಶಮಿಯ ದಿನ 750 ಕೆ.ಜಿ. ತೂಕದ ಅಂಬಾರಿ ಆನೆಯ ಬೆನ್ನೇರುವ ಮುಂಚೆ ನಮ್ದಾ ಎಂಬ ದಪ್ಪನೆಯ ಮೆತ್ತೆ ಹಾಸಬೇಕು, ಅದರ ಮೇಲೆ ಗಾದಿ ಬರಬೇಕು, ಆಮೇಲೆ ಹಗ್ಗ. ಒಂದು ಕಡೆ ಸಡಿಲವಾದರೆ ಅಂಬಾರಿ ಆ ಕಡೆಗೆ ವಾಲುತ್ತದೆ ಅಂತ ಎಳೆದು, ಬಿಗಿದು, ಮತ್ತೆ ಎಳೆದು ನೋಡುತ್ತಾರೆ. ಇದಕ್ಕಾಗಿ ವಾರಗಟ್ಟಲೆ ಮರಳು ಮೂಟೆ ಹೊರಿಸಿ ತಾಲೀಮು ಬೇರೆ. ಇಷ್ಟೆಲ್ಲ ಸಂಭ್ರಮ ಮಾಡಿ ಆನೆ ನಡೆಯುವುದು ಅರಮನೆಯಿಂದ ಬನ್ನಿಮಂಟಪದವರೆಗೆ, ಸುಮಾರು ಐದು ಕಿಲೋಮೀಟರು, ಅದೂ ಮನುಷ್ಯರ ನಡಿಗೆಗಿಂತ ನಿಧಾನವಾಗಿ.

ಅದೇ ವಾರ, ಅದೇ ಊರಲ್ಲಿ, ದೀಪಾಲಂಕಾರ ನೋಡಲು ಹೊರಟ ಕಾರಿನ ಸನ್‌ರೂಫಿನಿಂದ ಎರಡು ಮಕ್ಕಳು ಸೊಂಟದವರೆಗೆ ಹೊರಗೆ ಬಂದು ನಿಂತಿರುತ್ತವೆ. ನಮ್ದಾ ಇಲ್ಲ, ಗಾದಿ ಇಲ್ಲ, ಹಗ್ಗದ ಮಾತೇ ಬೇಡ. ಚಿಕ್ಕಮ್ಮ ಒಂದು ಕೈಯಲ್ಲಿ ಮಗುವಿನ ಕಾಲು ಹಿಡಿದಿರುತ್ತಾರೆ. ಇನ್ನೊಂದು ಕೈಯಲ್ಲಿ ಮೊಬೈಲು, ವಿಡಿಯೊ ಆಗಬೇಕಲ್ಲ. ಮುಂದಿನ ಸ್ಕೂಟರಿನವನು ಗಕ್ಕನೆ ನಿಂತರೆ ಕಾರು ನಿಲ್ಲುತ್ತದೆ, ಮಗು ನಿಲ್ಲುವುದಿಲ್ಲ. ಸನ್‌ರೂಫಿನ ಅಂಚು ಎದೆಗೋ ಹೊಟ್ಟೆಗೋ ಬಡಿಯುತ್ತದೆ. ಜೋತುಬಿದ್ದ ಸೀರಿಯಲ್ ಸೆಟ್ಟಿನ ವೈರು ಯಾವ ಎತ್ತರಕ್ಕಿದೆ ಅಂತ ಡ್ರೈವರಿಗೆ ಕಾಣುವುದೂ ಇಲ್ಲ. ಆದರೂ ಅಕ್ಕಪಕ್ಕದವರು ಕೈ ಬೀಸಿ ಖುಷಿಪಡುತ್ತಾರೆ. ದಸರಾ ಅಂದಮೇಲೆ ಮೆರವಣಿಗೆ ಇರಲೇಬೇಕು.

ಅದು ಊರೊಳಗಿನ ಮಾತಾಯಿತು. ಬಾಣಂತನ ಮುಗಿಸಿಕೊಂಡು ಮೂರನೇ ತಿಂಗಳಿಗೋ ಐದನೇ ತಿಂಗಳಿಗೋ ಕೂಸು ಮಂಡ್ಯದ ಅಜ್ಜಿಮನೆಯಿಂದ ಬೆಂಗಳೂರಿಗೆ ಹೊರಡುವ ಬೆಳಗ್ಗೆಯನ್ನು ನೋಡಬೇಕು. ತೊಟ್ಟಿಲು ಕಾರಿನ ಮೇಲಿನ ಕ್ಯಾರಿಯರಿಗೆ ಏರಿ, ನೈಲಾನ್ ಹಗ್ಗದಲ್ಲಿ ಮೂರು ಸುತ್ತು ಬಿಗಿಸಿಕೊಂಡಿದೆ. ರಾಗಿ ಸರಿ ಪುಡಿಯ ಡಬ್ಬಕ್ಕೆ ರಬ್ಬರ್ ಬ್ಯಾಂಡು. ತುಪ್ಪದ ಬಾಟಲಿ ಚೆಲ್ಲಬಾರದು ಅಂತ ಎರಡು ದಿಂಬಿನ ನಡುವೆ ನೆಟ್ಟಗೆ. ಡ್ಯಾಶ್‌ಬೋರ್ಡಿನ ಗಣಪತಿ ಜಾರದ ಹಾಗೆ ಕೆಳಗೆ ಡಬಲ್ ಟೇಪು. ಬಂಪರಿಗೆ ಮೆಣಸಿನಕಾಯಿ ಪೋಣಿಸಿದ ನಿಂಬೆಹಣ್ಣು, ಚಕ್ರದ ಕೆಳಗೂ ನಿಂಬೆಹಣ್ಣು. ಕೂಸಿನ ಕೆನ್ನೆಗೆ ದೃಷ್ಟಿಬೊಟ್ಟು, ತಲೆಗೆ ಕುಲಾವಿ. "ಎಲ್ಲಾ ಕಟ್ಟಾಯ್ತಾ?" ಅಂತ ಅಜ್ಜಿ ಕೇಳುತ್ತಾರೆ. "ಎಲ್ಲಾ ಆಯ್ತು" ಅಂತ ಅಳಿಯಂದಿರು ಡಿಕ್ಕಿ ಮುಚ್ಚುತ್ತಾರೆ. ಇಡೀ ಕಾರಿನಲ್ಲಿ ಕಟ್ಟದೆ ಉಳಿದ ವಸ್ತುಗಳು ಎರಡೇ: ಹಿಂದಿನ ಗಾಜಿನ ಕೆಳಗೆ ಇಟ್ಟ ಆರು ತೆಂಗಿನಕಾಯಿ, ಮುಂದಿನ ಸೀಟಿನಲ್ಲಿ ಅಮ್ಮನ ಮಡಿಲಲ್ಲಿರುವ ಕೂಸು. ಬ್ರೇಕ್ ಒತ್ತಿದಾಗ ಇವೆರಡೂ ಹೋಗುವುದು ಮುಂದಕ್ಕೇ.

ಈ ಮಧ್ಯೆ ಮಗಳು ಎಲ್ಲೋ ಓದಿಕೊಂಡು, ಕಾರಿನಲ್ಲಿ ಕೂಸನ್ನು ಪಟ್ಟಿ ಬಿಗಿದು ಕೂರಿಸುವ ಚೈಲ್ಡ್ ಸೀಟು ತರಿಸಿದ್ದರೆ ಪಂಚಾಯಿತಿ ಶುರು.

"ಯಾಕವ್ವಾ, ಕೂಸ್ನ ಕಟ್ಟಾಕ್ಕೊಂಡ್ ಹೋಗಕ್ಕೆ ಅದೇನ್ ಕಳ್ತನ ಮಾಡೈತಾ? ಇದೇ ಮಡ್ಲಲ್ಲಿ ನಾಲ್ಕ್ ಮಕ್ಳು ಬೆಳುದ್ವು."

ಬೆಳೆದವು, ಸುಳ್ಳಲ್ಲ. ಆ ನಾಲ್ಕು ಮಕ್ಕಳು ಬೆಳೆದ ಕಾಲದಲ್ಲಿ ಮಡಿಲು ಕೂತಿದ್ದು ಎತ್ತಿನ ಗಾಡಿಯಲ್ಲಿ, ತಪ್ಪಿದರೆ ಕೆಂಪು ಬಸ್ಸಿನಲ್ಲಿ. 2023ರ ಮಾರ್ಚ್ 12ರಂದು ಮದ್ದೂರಿನ ಗೆಜ್ಜಲಗೆರೆಯಲ್ಲಿ ಬೆಂಗಳೂರು-ಮೈಸೂರು ದಶಪಥದ ಉದ್ಘಾಟನೆಯಾಯಿತು. 118 ಕಿಲೋಮೀಟರಿನ ಮೂರು ಗಂಟೆ ದಾರಿ ಇನ್ನು ಮೇಲೆ 75 ನಿಮಿಷ ಎಂದರು. ಹಾಗೆ ಉಳಿದ ಸಮಯವನ್ನು ಕೆಂಗೇರಿಯಿಂದಾಚೆಗೆ ಬಡ್ಡಿ ಸಮೇತ ಕಟ್ಟಬೇಕು, ಆ ಮಾತು ಬಿಡಿ. ರಸ್ತೆ ಬದಲಾಯಿತು, ಕಾರು ಬದಲಾಯಿತು, ವೇಗದ ಮಿತಿ ಗಂಟೆಗೆ 100 ಆಯಿತು. ಮಡಿಲು ಮಾತ್ರ ಎತ್ತಿನ ಗಾಡಿಯದೇ.

ಮಂಡ್ಯದವರಿಗೆ 124.80 ಅಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಮುಂಗಾರಿನಲ್ಲಿ ಬೆಳಗ್ಗೆ ಪೇಪರು ಬಿಡಿಸಿದರೆ ಮೊದಲು ನೋಡುವುದೇ ಕೆಆರ್‌ಎಸ್ ಮಟ್ಟ, ಅದೂ ದಶಾಂಶದ ಲೆಕ್ಕದಲ್ಲಿ. ಅದೇ ಅಡಿಕೋಲಿನಲ್ಲಿ ಇನ್ನೊಂದು ಲೆಕ್ಕ ಹಾಕಬಹುದು. ಗಂಟೆಗೆ 100 ಕಿ.ಮೀ. ಅಂದರೆ ಸುಮಾರು 129 ಅಡಿ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವ ಹೊತ್ತಿಗಿರುವ ವೇಗ. ತುಂಬಿದ ಕಟ್ಟೆಯ 124.80 ಅಡಿ ಮಟ್ಟಕ್ಕಿಂತ ಇನ್ನೂ ನಾಲ್ಕು ಅಡಿ ಮೇಲೆ. ಅಣೆಕಟ್ಟೆಯ ಮೇಲೆ ನಿಂತು ಕೂಸನ್ನು ಕೈಯಲ್ಲಿ ಹೊರಗೆ ಚಾಚಿ ಹಿಡಿಯಿರಿ ಅಂದರೆ ಹೊಡೆಯಲು ಬರುವ ಅಜ್ಜಿ, ಆ ವೇಗದಲ್ಲಿ ಓಡುವ ಕಾರಿನ ಮುಂದಿನ ಸೀಟಿಗೆ ತಾವೇ ಕೂಸನ್ನು ಎತ್ತಿಕೊಡುತ್ತಾರೆ.

100 ಬೇಡ, 50 ಸಾಕು. ಆ ವೇಗದಲ್ಲಿ ಗುದ್ದಿ ನಿಂತರೆ ಒಳಗಿನವರ ತೂಕ ಕ್ಷಣಮಾತ್ರಕ್ಕೆ ಇಪ್ಪತ್ತು-ಮೂವತ್ತು ಪಟ್ಟು ಆದಂತೆ. ಏಳು ಕೆ.ಜಿ. ಕೂಸನ್ನು ಹಿಡಿದಿಡಲು 140ರಿಂದ 210 ಕೆ.ಜಿ. ತಡೆಯುವ ತೋಳು ಬೇಕು, ಅದೂ ಸೆಕೆಂಡಿನ ಹತ್ತರಲ್ಲೊಂದು ಪಾಲಿನೊಳಗೆ. ಮೈಸೂರಿನ ಗರಡಿಯ ಪೈಲ್ವಾನರಿಗೂ ಆಗದ ಕೆಲಸವನ್ನು ಬಾಣಂತಿಯ ಕೈಗೆ ಬಿಟ್ಟು ಹಿಂದಿನ ಸೀಟಿನವರು ಕೋಡುಬಳೆ ಮುರಿಯುತ್ತಾರೆ. ಅಮ್ಮ ಬೆಲ್ಟ್ ಹಾಕದಿದ್ದರೆ ಡ್ಯಾಶ್‌ಬೋರ್ಡಿಗೂ ಅಮ್ಮನ ಮೈಗೂ ನಡುವೆ ಸಿಕ್ಕುವುದು ಕೂಸು. "ಇಬ್ಬರಿಗೂ ಸೇರಿಸಿ ಒಂದೇ ಬೆಲ್ಟ್ ಹಾಕಿದ್ದೇವೆ" ಅನ್ನುವ ಬುದ್ಧಿವಂತರೂ ಇದ್ದಾರೆ. ಆಗ ಅಮ್ಮನ ಪೂರ್ತಿ ತೂಕ ಕೂಸನ್ನು ಬೆಲ್ಟಿಗೆ ಒತ್ತಿ ಅರೆಯುತ್ತದೆ.

ಮುಂದಿನ ಸೀಟಿನ ಸನ್‌ವೈಸರನ್ನು ಕೆಳಗೆ ಇಳಿಸಿದರೆ ಅಲ್ಲೊಂದು ಹಳದಿ ಸ್ಟಿಕ್ಕರ್ ಇರುತ್ತದೆ: ಮಗುವಿನ ಸೀಟಿನ ಚಿತ್ರ, ಅದರ ಮೇಲೆ ಕೆಂಪು ಗೀಟು. ಕೂಸಿನ ಮುಖ ಕಾರಿನ ಹಿಂಭಾಗಕ್ಕಿರುವ ಹಿಮ್ಮುಖದ ಸೀಟನ್ನು ಏರ್‌ಬ್ಯಾಗಿನ ಮುಂದೆ ಇಡಬೇಡಿ, ಬ್ಯಾಗು ಸಿಡಿದು ಬರುವ ರಭಸಕ್ಕೆ ಸೀಟಿನ ಬೆನ್ನಿಗೇ ಹೊಡೆತ ಬೀಳುತ್ತದೆ ಅಂತ ಅದರ ಅರ್ಥ. ನಮ್ಮಲ್ಲಿ ಅದರ ಮೇಲೆ ಕುಲದೇವರ ಫೋಟೊ ಅಂಟಿಸಿ ಜವಾಬ್ದಾರಿಯನ್ನು ದೇವರಿಗೇ ವಹಿಸಲಾಗಿದೆ.

ಕಾನೂನು ಇಲ್ಲವೇ ಅಂದರೆ, ಇದೆ, ಭೇಷಾಗಿದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 194ಬಿ ಕಲಮು 14 ವರ್ಷದೊಳಗಿನ ಮಗುವನ್ನು ಬೆಲ್ಟಿನಲ್ಲೋ ಚೈಲ್ಡ್ ಸೀಟಿನಲ್ಲೋ ಕೂರಿಸದೆ ಗಾಡಿ ಓಡಿಸಿದರೆ ಸಾವಿರ ರೂಪಾಯಿ ದಂಡ ಅನ್ನುತ್ತದೆ. ಹೆದ್ದಾರಿಯುದ್ದಕ್ಕೂ ಕ್ಯಾಮೆರಾ ಇವೆ. ವೇಗ ಹೆಚ್ಚಾದರೆ ನೋಟಿಸು ಬರುತ್ತದೆ, ಮುಂದೆ ಕೂತವರ ಎದೆ ಮೇಲೆ ಬೆಲ್ಟ್ ಕಾಣದಿದ್ದರೂ ಬರುತ್ತದೆ. ಮಡಿಲಲ್ಲಿ ಕೂಸಿದೆ ಅಂತ ನೋಟಿಸು ಬಂದವರನ್ನು ಹುಡುಕಿ ಸನ್ಮಾನ ಮಾಡಬೇಕು. ಇನ್ನು ಬೆಲ್ಟ್ ಹಾಕದಿದ್ದರೆ ಟಿಂಗ್ ಟಿಂಗ್ ಅನ್ನುವ ಸದ್ದಿನ ಬಾಯಿ ಮುಚ್ಚಿಸಲು ಒಂದು ಕ್ಲಿಪ್ಪು ಬಂತು. ಬಕಲ್ಲಿಗೆ ಬರೀ ಕ್ಲಿಪ್ಪನ್ನು ಸಿಕ್ಕಿಸಿದರೆ ಕಾರು ನಂಬಿಬಿಡುತ್ತದೆ. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ಐದು ಆನ್‌ಲೈನ್ ಅಂಗಡಿಗಳಿಂದ ಇಂಥ 13,118 ಮಾರಾಟ ಪುಟಗಳನ್ನು ತೆಗೆಸಿತು. ಚೈಲ್ಡ್ ಸೀಟು ಕಟ್ಟುವುದು ಕಷ್ಟ ಅನ್ನುವ ದೇಶದಲ್ಲಿ ಬೆಲ್ಟಿಗೆ ಸುಳ್ಳು ಹೇಳಲು ಅಷ್ಟೊಂದು ಬಗೆಯ ಸಾಮಾನು ಸಿಗುತ್ತಿತ್ತು.

ಕಷ್ಟ ಏನೂ ಇಲ್ಲ, ಆದರೆ ಕಷ್ಟವಾಗುವ ಹಾಗೆ ನಾವೇ ಮಾಡಿಕೊಂಡಿದ್ದೇವೆ. ಹಿಂದಿನ ಸೀಟಿನ ಬೆನ್ನು ಮತ್ತು ಕೂರುವ ಮೆತ್ತೆ ಸೇರುವ ಸಂದಿಯಲ್ಲಿ ಎರಡು ಕಬ್ಬಿಣದ ಬಳೆಗಳಿರುತ್ತವೆ, ಒಂದರಿಂದ ಇನ್ನೊಂದಕ್ಕೆ 28 ಸೆಂ.ಮೀ. ಅದೇ ಐಸೋಫಿಕ್ಸ್. ಚೈಲ್ಡ್ ಸೀಟಿನ ಎರಡು ಕೊಂಡಿಗಳನ್ನು ಅದಕ್ಕೆ ಒತ್ತಿದರೆ ಟಕ್ ಅನ್ನುತ್ತದೆ, ಕೆಂಪು ಗುರುತು ಹಸಿರಾಗುತ್ತದೆ, ಮುಗಿಯಿತು. ಮೂರನೆಯದಾಗಿ ಅದರ ಮೇಲಿನ ಪಟ್ಟಿಯನ್ನು ಕಾರಿನ ಸೀಟಿನ ಬೆನ್ನ ಹಿಂದಿನ ಕೊಕ್ಕೆಗೆ ಹಾಕಬೇಕು, ಇಲ್ಲವೇ ಊರುಗಾಲನ್ನು ಕಾರಿನ ನೆಲಕ್ಕೆ ಊರಬೇಕು. ಇದನ್ನು ಮರೆತರೆ ಗುದ್ದಿದಾಗ ಸೀಟು ಮುಂದಕ್ಕೆ ಮಗುಚುತ್ತದೆ. ಆದರೆ ಕಾರು ಮನೆಗೆ ಬಂದ ವಾರವೇ ಅಲಂಕಾರದ ಅಂಗಡಿಗೆ ಹೋಗಿ, ಹದಿನೈದು ಸಾವಿರ ಕೊಟ್ಟು ದಪ್ಪನೆಯ ಸೀಟ್ ಕವರ್ ಹೊಲಿಸಿರುತ್ತೇವೆ. ಆ ಬಳೆಗಳು ಕವರಿನ ಹೊಲಿಗೆಯ ಕೆಳಗೆ ಸಮಾಧಿ. ಕೆಲವರ ಕಾರಿನಲ್ಲಿ ಷೋರೂಮಿನ ಪ್ಲಾಸ್ಟಿಕ್ಕೇ ಇನ್ನೂ ತೆಗೆದಿಲ್ಲ. ಅದರ ಮೇಲೆ ಕೂರಿಸಿದ ಸೀಟು ತಿರುವು ಬಂದಾಗಲೆಲ್ಲ ಜಾರುಬಂಡೆ ಆಡುತ್ತದೆ.

ಐಸೋಫಿಕ್ಸ್ ಇಲ್ಲದ ಹಳೇ ಕಾರಾದರೆ ಹೆಗಲು-ಸೊಂಟ ಎರಡನ್ನೂ ಹಿಡಿಯುವ ಮೂರು ಬಿಂದುವಿನ ಬೆಲ್ಟಿನಲ್ಲೇ ಕಟ್ಟಬಹುದು. ಒಬ್ಬರು ಮೊಣಕಾಲೂರಿ ಸೀಟನ್ನು ಒತ್ತಿ ಹಿಡಿದು, ಇನ್ನೊಬ್ಬರು ಬೆಲ್ಟಿನ ಸಡಿಲ ಎಳೆಯಬೇಕು. ಆಮೇಲೆ ಬೆಲ್ಟ್ ಹಾದುಹೋಗುವ ಜಾಗದಲ್ಲೇ ಹಿಡಿದು ಅಲ್ಲಾಡಿಸಿ. ಒಂದು ಇಂಚಿಗಿಂತ ಹೆಚ್ಚು ಸರಿದರೆ ಮೊದಲಿಂದ ಕಟ್ಟಿ. ಸೀಟಿನ ತಲೆ ಹಿಡಿದು ಅಲ್ಲಾಡಿಸಿ "ಅಯ್ಯೋ ಲೂಸು" ಅನ್ನುವವರಿದ್ದಾರೆ. ಹಿಮ್ಮುಖದ ಸೀಟಿನ ತಲೆ ಸ್ವಲ್ಪ ಆಡಿಯೇ ಆಡುತ್ತದೆ, ಅದಲ್ಲ ಪರೀಕ್ಷೆ.

ಕೂಸಿನ ಮುಖ ಕಾರಿನ ಹಿಂಭಾಗಕ್ಕಿರಬೇಕು ಅಂದರೆ ಎರಡನೇ ಪಂಚಾಯಿತಿ. "ಕಾಲು ಮಡಚ್ಕೊಂಡು ನೋಯಲ್ವಾ?" ಕಾಲು ಮಡಚಿ ಕೂರುವುದು ಕೂಸುಗಳಿಗೆ ಹೊಸದಲ್ಲ, ಒಂಬತ್ತು ತಿಂಗಳ ಅಭ್ಯಾಸ. ಪ್ರಶ್ನೆ ಕತ್ತಿನದು. ಎಳೆಗೂಸಿನ ಉದ್ದದಲ್ಲಿ ನಾಲ್ಕನೇ ಒಂದು ಪಾಲು ತಲೆಯೇ, ಅದನ್ನು ಹೊತ್ತ ಕತ್ತಿನ ಮೂಳೆ ಇನ್ನೂ ಗಟ್ಟಿಯಾಗಿಲ್ಲ. ಮುಮ್ಮುಖವಾಗಿ ಕೂತು ಗುದ್ದಿದರೆ ಮೈಯನ್ನು ಪಟ್ಟಿ ಹಿಡಿಯುತ್ತದೆ, ತಲೆಯನ್ನು ಹಿಡಿಯುವವರಿಲ್ಲ. ಹಿಮ್ಮುಖವಾದರೆ ಬೆನ್ನು, ಕತ್ತು, ತಲೆ ಮೂರೂ ಸೀಟಿಗೆ ಒರಗಿ ಹೊಡೆತ ಹಂಚಿಕೊಳ್ಳುತ್ತವೆ. ಯುರೋಪಿನ ಐ-ಸೈಜ್ ಎಂಬ ಚೈಲ್ಡ್ ಸೀಟ್ ನಿಯಮದಲ್ಲಿ 15 ತಿಂಗಳು ತುಂಬುವ ತನಕ ಮುಮ್ಮುಖ ಮಾಡುವ ಹಾಗೇ ಇಲ್ಲ. ಸೀಟಿನ ತೂಕ-ಎತ್ತರದ ಮಿತಿ ಇರುವಷ್ಟು ದಿನ ಹಿಮ್ಮುಖವಾಗಿಯೇ ಇದ್ದರೆ ಇನ್ನೂ ವಾಸಿ.

ಪಟ್ಟಿ ಬಿಗಿಯುವುದರಲ್ಲೂ ಪ್ರೀತಿಯೇ ಅಡ್ಡ ಬರುತ್ತದೆ. ಕೂಸಿಗೆ ಚಳಿ ಅಂತ ಕುಲಾವಿ, ಸ್ವೆಟರು, ಮೇಲೊಂದು ದುಪ್ಪಟಿ ಸುತ್ತಿ, ಆಮೇಲೆ ಪಟ್ಟಿ ಹಾಕುತ್ತಾರೆ. ಗುದ್ದಿದಾಗ ಉಣ್ಣೆ ಅಮುಕಿಕೊಳ್ಳುತ್ತದೆ, ಬಿಗಿ ಅಂದುಕೊಂಡಿದ್ದ ಪಟ್ಟಿ ಸಡಿಲ, ಕೂಸು ಜಾರುತ್ತದೆ. ತೆಳ್ಳನೆ ಬಟ್ಟೆಯ ಮೇಲೆ ಪಟ್ಟಿ, ಅದರ ಮೇಲೆ ಹೊದಿಕೆ: ಇದು ಕ್ರಮ. ಹಿಮ್ಮುಖದಲ್ಲಿ ಪಟ್ಟಿ ಹೊರಡುವ ತೂತು ಹೆಗಲಿನ ಮಟ್ಟಕ್ಕೋ ಚೂರು ಕೆಳಕ್ಕೋ ಇರಬೇಕು, ಮುಮ್ಮುಖದಲ್ಲಿ ಹೆಗಲಿನ ಮಟ್ಟಕ್ಕೋ ಚೂರು ಮೇಲಕ್ಕೋ. ಹೆಗಲಿನ ಹತ್ತಿರ ಪಟ್ಟಿಯನ್ನು ಬೆರಳಲ್ಲಿ ಚಿವುಟಿ ನೋಡಿ. ಮಡಿಕೆ ಸಿಕ್ಕಿತೋ, ಇನ್ನೂ ಎಳೆಯಬೇಕು. ಮಾವುತರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ.

ಬಾಡಿಗೆ ಟ್ಯಾಕ್ಸಿಯ ಹಿಂದಿನ ಬೆಲ್ಟಿನ ಬಕಲ್ಲು ಒಂದು ಪುರಾತತ್ವ ಸಂಶೋಧನೆ. ಬಿಳಿ ಟವೆಲ್ ಕವರಿನ ಕೆಳಗೆ, ಕಡಲೆಕಾಯಿ ಸಿಪ್ಪೆಯ ಪದರದ ಕೆಳಗೆ ಎಲ್ಲೋ ಇರುತ್ತದೆ. "ಹಿಂದ್ಗಡೆ ಯಾರೂ ಕೇಳಲ್ಲ ಸಾ, ಆರಾಮಾಗ್ ಕೂತ್ಕಳಿ" ಅಂತ ಡ್ರೈವರ್ ಅಭಯ ಕೊಡುತ್ತಾನೆ. ಹೊರಡುವ ಹಿಂದಿನ ದಿನವೇ ಫೋನು ಮಾಡಿ ಬಕಲ್ಲು ತೆಗೆಸಿಡಿ ಅನ್ನುವುದೊಂದೇ ದಾರಿ.

ಇನ್ನು ನಿಲ್ಲಿಸುವ ವಿಚಾರ. ಮದ್ದೂರು ಬಂತೆಂದರೆ ಹೆದ್ದಾರಿ ಬಿಟ್ಟು, ಸರ್ವಿಸ್ ರಸ್ತೆ ಹುಡುಕಿ, ಊರೊಳಗೆ ನುಗ್ಗಿ ವಡೆ ತಿನ್ನದೆ ಹೋದ ಕಾರಿಲ್ಲ. ಅದೇ ಕೂಸು ಹಾಲಿಗೆ ಅತ್ತರೆ, "ಹತ್ತೇ ನಿಮಿಷ, ಓಡ್ತಿರೋವಾಗ್ಲೇ ಎತ್ಕೊಂಡು ಕುಡ್ಸಮ್ಮ." ವಡೆಗೆ ಇಳಿಯುವ ಕಾರು ಹಾಲಿಗೆ ಇಳಿಯುವುದಿಲ್ಲ. ಪಟ್ಟಿ ಬಿಚ್ಚಿದ ಆ ಹತ್ತು ನಿಮಿಷದಲ್ಲಿ ಕಾರು ಹದಿನೈದು ಕಿಲೋಮೀಟರು ದಾಟಿರುತ್ತದೆ. ಅಳುವುದರಿಂದ ಕೂಸಿಗೆ ಅಪಾಯವಿಲ್ಲ. ಮುಂದಿನ ಎಕ್ಸಿಟ್‌ನಲ್ಲಿ ಇಳಿದು, ನಿಂತು, ಕುಡಿಸಿ, ತೇಗಿಸಿ, ಮತ್ತೆ ಕಟ್ಟಿ ಹೊರಡಬಹುದು. ಹೆದ್ದಾರಿಯ ಅಂಚಿನಲ್ಲಿ ಮಾತ್ರ ನಿಲ್ಲಿಸಬೇಡಿ, ಹಿಂದಿನಿಂದ ಬರುವ ಲಾರಿಗೆ ನಿಮ್ಮ ಮನೆಯ ಹಾಲಿನ ಹೊತ್ತು ಗೊತ್ತಿರುವುದಿಲ್ಲ. ಎಳೆಗೂಸು ಸೀಟಿನಲ್ಲಿ ಒಂದೇ ಸಮ ಎರಡು ಗಂಟೆ ದಾಟಬಾರದು, ಮೊದಲ ಕೆಲವು ವಾರ ಅರ್ಧ ಗಂಟೆಯೇ ಹೆಚ್ಚು. ಗಲ್ಲ ಎದೆಗೆ ತಗುಲುವ ಹಾಗೆ ತಲೆ ಮುಂದಕ್ಕೆ ವಾಲಿದರೆ ಉಸಿರಿನ ದಾರಿ ಕಟ್ಟಿಕೊಳ್ಳುತ್ತದೆ. ಅದಕ್ಕೇ ಸೀಟು ಸುಮಾರು 45 ಡಿಗ್ರಿ ಒರಗಿರಬೇಕು, ಪಕ್ಕದಲ್ಲಿ ಯಾರಾದರೂ ಕೂತು ನೋಡುತ್ತಿರಬೇಕು. ಮೈಸೂರಿನ ಕಡೆಗೆ ಹೊರಟರೆ ಹಾದಿಯಲ್ಲಿ ನಿಮಿಷಾಂಬ ದೇವಸ್ಥಾನಕ್ಕೆ ಇಳಿದವರು "ಮಲಗಿದೆ, ಎಬ್ಬಿಸೋದು ಬೇಡ" ಅಂತ ಗಾಜು ಏರಿಸಿ ಕೂಸನ್ನು ಬಿಟ್ಟು ಹೋಗುವುದೂ ಉಂಟು. ಬಿಸಿಲಿನಲ್ಲಿ ನಿಂತ ಕಾರು ಹತ್ತು ನಿಮಿಷಕ್ಕೆ ಹತ್ತು ಡಿಗ್ರಿ ಏರುತ್ತದೆ, ಕೂಸಿನ ಮೈ ದೊಡ್ಡವರಿಗಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆ. ಕ್ಯೂ ಎಷ್ಟು ಉದ್ದವಿದೆ ಅಂತ ನೋಡಿ ಲೆಕ್ಕ ಹಾಕಿಕೊಳ್ಳಿ.

ಹೀಗೆ ಎರಡು ಪಂಚಾಯಿತಿ ಸೋತ ಸೀಟು ಕಡೆಗೆ ಅಟ್ಟ ಸೇರುತ್ತದೆ, ಇಲ್ಲವೇ ಆನ್‌ಲೈನ್ ಮಾರುಕಟ್ಟೆಗೆ ಹೋಗುತ್ತದೆ. ಹಳೇ ಸೀಟು ಕೊಳ್ಳುವವರು ಎರಡು ವಿಷಯ ಕೇಳಬೇಕು: ಯಾವುದಾದರೂ ಅಪಘಾತ ಕಂಡಿದೆಯಾ, ತಳದ ಪ್ಲಾಸ್ಟಿಕ್ಕಿನಲ್ಲಿ ಅಚ್ಚೊತ್ತಿದ ತಾರೀಖು ಯಾವುದು. ಗುದ್ದು ಕಂಡ ಸೀಟು ಕಣ್ಣಿಗೆ ಸರಿಯಿದ್ದರೂ ಒಳಗೆ ಬಿರುಕು ಬಿಟ್ಟಿರಬಹುದು, ವಾಯಿದೆ ಮುಗಿದ ಪ್ಲಾಸ್ಟಿಕ್ಕು ಬಿಸಿಲಿಗೆ ಪೆಡಸಾಗಿರುತ್ತದೆ. ನಮ್ಮ ಕಡೆಯ ಮಾರಾಟಗಾರರ ಬಗ್ಗೆ ಮೊದಲನೆಯದನ್ನು ಕೇಳುವ ಅಗತ್ಯವೇ ಬರುವುದಿಲ್ಲ. ಜಾಹೀರಾತಿನಲ್ಲಿ ಅವರೇ ಬರೆದಿರುತ್ತಾರೆ: "ಮಗುವಿಗೆ ಈಗ ಎರಡು ವರ್ಷ. ಸೀಟು ಹೊಸದರಂತೆಯೇ ಇದೆ, ಮೇಲಿನ ಪ್ಲಾಸ್ಟಿಕ್ ಕೂಡ ತೆಗೆದಿಲ್ಲ."