ಜೇಬಿನಲ್ಲಿದ್ದ ಬೀಗದ ಕೈ

ವಿಕ್ಟರ್ ಹ್ಯೂಗೋನ ಕೊನೆಯ ಕಾದಂಬರಿ ‘ತೊಂಬತ್ತಮೂರು’ ನಾನು ಕಾಲೇಜಿನಲ್ಲಿದ್ದಾಗ ಇಂಗ್ಲಿಷ್ ಅನುವಾದದಲ್ಲಿ ಓದಿದ್ದ ಪುಸ್ತಕ. ಆಗ ನನ್ನ ಮನಸ್ಸೆಲ್ಲ ಗಣರಾಜ್ಯದ ಪರವಾಗಿ ಹೋರಾಡುವ ಯುವ ಸೇನಾನಿ ಗೋವೆನ್‌ನ ಕಡೆಗೇ ಇತ್ತು. ಕಳೆದ ವಾರ ಎರಡನೆಯ ಸಲ ಓದಿ ಮುಗಿಸಿದೆ. ಇಡೀ ಕಾದಂಬರಿಯ ಭಾರ ಹೊತ್ತು ನಿಂತಿರುವವನು ಗೋವೆನ್ ಅಲ್ಲ, ಅವನ ಎದುರಾಳಿ, ರಾಜಪಕ್ಷದ ವೃದ್ಧ ದಂಡನಾಯಕ ಲಾಂತನಾಕ್ ಎಂದು ಈಗ ಅನ್ನಿಸುತ್ತಿದೆ.

ಕಥೆ ನಡೆಯುವುದು ಫ್ರೆಂಚ್ ಕ್ರಾಂತಿಯ ನಡುವೆ, 1793ರಲ್ಲಿ. ಆ ವರ್ಷದ ಜನವರಿ 21ರಂದು ದೊರೆ ಹದಿನಾರನೆಯ ಲೂಯಿಯ ತಲೆ ಉರುಳಿತ್ತು. ಮೂರು ಲಕ್ಷ ಜನರನ್ನು ಸೈನ್ಯಕ್ಕೆ ಸೇರಿಸಬೇಕೆಂಬ ಆಜ್ಞೆ ಹೊರಟ ಮೇಲೆ ಮಾರ್ಚ್ ತಿಂಗಳಲ್ಲಿ ಪಶ್ಚಿಮ ಫ್ರಾನ್ಸಿನ ವಾಂದೇ ಪ್ರಾಂತದ ರೈತರು ಕ್ರಾಂತಿಯ ವಿರುದ್ಧವೇ ದಂಗೆ ಎದ್ದರು. ಆ ದಂಗೆಗೆ ನಾಯಕನಾಗಲು ಸಮುದ್ರ ದಾಟಿ ಬರುವವನೇ ಲಾಂತನಾಕ್. ಇಂಗ್ಲಿಷ್ ಸೇನೆ ಇಳಿಯಲು ಕರಾವಳಿಯಲ್ಲಿ ಒಂದು ನೆಲೆ ಮಾಡಿಕೊಡುವುದು ಅವನ ಉದ್ದೇಶ. ಗೋವೆನ್ ಇವನ ತಮ್ಮನದೋ ಅಣ್ಣನದೋ ಮೊಮ್ಮಗನಾಗಬೇಕು. ಒಂದೇ ವಂಶದ ಕುಡಿ.

ಲಾಂತನಾಕ್ ಎಂಥವನೆಂದು ಹ್ಯೂಗೋ ಮೊದಲಲ್ಲೇ, ಹಡಗಿನ ಮೇಲೆಯೇ ತೋರಿಸಿಬಿಡುತ್ತಾನೆ. ಬಿಗಿತ ತಪ್ಪಿದ ಫಿರಂಗಿಯೊಂದು ಅಟ್ಟದ ಮೇಲೆ ಮದವೇರಿದ ಆನೆಯಂತೆ ಉರುಳಾಡಿ ಜನರನ್ನು ಜಜ್ಜುತ್ತದೆ. ಅದನ್ನು ಸರಿಯಾಗಿ ಬಿಗಿಯದೆ ಬಿಟ್ಟಿದ್ದ ಗೋಲಂದಾಜನೇ ಪ್ರಾಣದ ಹಂಗು ತೊರೆದು ಅದನ್ನು ಹಿಡಿದು ನಿಲ್ಲಿಸುತ್ತಾನೆ. ಲಾಂತನಾಕ್ ಅವನ ಎದೆಗೆ ಸೇಂಟ್ ಲೂಯಿ ಪದಕ ಚುಚ್ಚಿಸುತ್ತಾನೆ. ಮರುಕ್ಷಣವೇ, ಅಜಾಗರೂಕತೆಯ ಅಪರಾಧಕ್ಕಾಗಿ ಅವನನ್ನು ಗುಂಡಿಕ್ಕಿ ಕೊಲ್ಲಿ ಎಂದು ಅಪ್ಪಣೆ ಮಾಡುತ್ತಾನೆ. ಸಾಹಸಕ್ಕೆ ಮನ್ನಣೆ ಸಂದಿತು, ತಪ್ಪಿಗೆ ಶಿಕ್ಷೆಯೂ ಸಂದಿತು, ಒಂದರಿಂದ ಇನ್ನೊಂದು ತೊಳೆದುಹೋಗಲಿಲ್ಲ. ಈ ಲೆಕ್ಕವನ್ನು ಓದುಗರು ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು, ಏಕೆಂದರೆ ಕಾದಂಬರಿಯ ಕೊನೆಯಲ್ಲಿ ಇದೇ ಲೆಕ್ಕವನ್ನು ಲಾಂತನಾಕ್‌ನ ವಿಷಯದಲ್ಲಿ ನಾವು ಹಾಕಬೇಕಾಗುತ್ತದೆ.

ದಡ ಸೇರಿದ ಅವನನ್ನು ತೆಲ್‌ಮಾರ್ಶ್ ಎಂಬ ಬಡ ಭಿಕ್ಷುಕ ಒಂದು ರಾತ್ರಿ ತನ್ನ ಗುಹೆಯಲ್ಲಿ ಬಚ್ಚಿಟ್ಟು ಕಾಪಾಡುತ್ತಾನೆ. ಮರುದಿನವೇ ಲಾಂತನಾಕ್‌ನ ಜನ ಹಳ್ಳಿಯೊಂದನ್ನು ಸುಟ್ಟು, ಸೆರೆಸಿಕ್ಕವರನ್ನು ಸಾಲಾಗಿ ನಿಲ್ಲಿಸುತ್ತಾರೆ. ಅವರಲ್ಲಿ ಇಬ್ಬರು ಹೆಂಗಸರಿದ್ದಾರೆಂದು ತಿಳಿಸಿದಾಗ ಅವರನ್ನೂ ಕೊಲ್ಲಿ ಎನ್ನುತ್ತಾನೆ. ಮೂರು ಮಕ್ಕಳಿದ್ದಾರೆಂದಾಗ, ಒಯ್ಯಿರಿ, ಏನು ಮಾಡುವುದೆಂದು ಆಮೇಲೆ ನೋಡೋಣ ಎನ್ನುತ್ತಾನೆ. ಗುಂಡೇಟು ತಿಂದೂ ಬದುಕಿ ಉಳಿದ ತಾಯಿ ಮಿಷೆಲ್ ಫ್ಲೆಷಾರ್ ಆ ಮಕ್ಕಳನ್ನು ಹುಡುಕುತ್ತ ಬರಿಗಾಲಿನಲ್ಲಿ ಊರೂರು ಅಲೆಯುತ್ತಾಳೆ.

ಕೊನೆಗೆ ಹತ್ತೊಂಬತ್ತು ಜನರೊಡನೆ ಲಾಂತನಾಕ್ ಲಾ ತೂರ್ಗ್ ಎಂಬ ಹಳೆಯ ಕೋಟೆಯಲ್ಲಿ ಸಿಕ್ಕಿಬೀಳುತ್ತಾನೆ. ಹೊರಗೆ ಗೋವೆನ್‌ನ ನಾಲ್ಕೂವರೆ ಸಾವಿರ ಸೈನಿಕರು. ಒತ್ತೆಯಾಗಿ ಇಟ್ಟಿದ್ದ ಆ ಮೂರು ಮಕ್ಕಳು ಕಬ್ಬಿಣದ ಬಾಗಿಲಿನ ಆಚೆ ಇದ್ದಾರೆ. ಲಾಂತನಾಕ್ ಸುರಂಗದ ದಾರಿಯಲ್ಲಿ ತಪ್ಪಿಸಿಕೊಂಡು ಹೊರಬಂದಾಗ ಕಟ್ಟಡಕ್ಕೆ ಬೆಂಕಿ ಹತ್ತಿದೆ, ಕೊಡಲಿಗಳಿಗೆ ಬಾಗಿಲು ಜಗ್ಗುತ್ತಿಲ್ಲ, ಕಣಿವೆಯಿಂದ ತಾಯಿಯ ಕೂಗು ಕೇಳಿಬರುತ್ತಿದೆ. ಅವನು ಜೇಬಿಗೆ ಕೈ ಹಾಕುತ್ತಾನೆ. ಬೀಗದ ಕೈ ಅಲ್ಲಿದೆ. ಬಂದ ದಾರಿಯಲ್ಲೇ ಬಗ್ಗಿಕೊಂಡು ಹಿಂದಿರುಗಿ, ಬಾಗಿಲು ತೆರೆದು, ಏಣಿಯಿಂದ ಮಕ್ಕಳನ್ನು ಒಂದೊಂದಾಗಿ ಇಳಿಸಿಕೊಟ್ಟು, ಕೊನೆಗೆ ತಾನೂ ಇಳಿದು ಸೆರೆಯಾಗುತ್ತಾನೆ.

ಈ ಪ್ರಸಂಗವನ್ನು ಹಿಡಿದುಕೊಂಡು, ಶತ್ರುವಿನಲ್ಲಿಯೂ ಮನುಷ್ಯತ್ವವಿದೆ ಎಂದು ಹೇಳುವುದಕ್ಕೆ ಲಾಂತನಾಕ್ ಇದ್ದಾನೆ ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಆ ಮಕ್ಕಳು ಬೆಂಕಿಯ ನಡುವೆ ಇದ್ದದ್ದೇ ಅವನಿಂದ. ಬೀಗದ ಕೈ ಅವನ ಜೇಬಿನಲ್ಲಿ ಇದ್ದದ್ದೂ ಅದಕ್ಕಾಗಿಯೇ. ಅವನು ಬದಲಾಗುವುದೂ ಇಲ್ಲ. ಸೆರೆಮನೆಯಲ್ಲಿ ತನ್ನ ಮುಂದೆ ಬಂದು ನಿಂತ ಗೋವೆನ್‌ಗೆ ವಂಶದ ಹಿರಿಮೆಯನ್ನು ನೆನಪಿಸಿ, ಕ್ರಾಂತಿಯನ್ನು ಶಪಿಸಿ, ಅದಕ್ಕೆ ದಾರಿ ಮಾಡಿದ ಚಿಂತಕರಾದ ವೋಲ್ಟೇರ್ ಮತ್ತು ರೂಸೋ ಅವರನ್ನು ಮೊದಲೇ ಶಿಕ್ಷಿಸಿದ್ದರೆ ಇದೆಲ್ಲ ಆಗುತ್ತಿರಲಿಲ್ಲ ಎನ್ನುತ್ತಾನೆ. ರನ್ನನ ದುರ್ಯೋಧನ ಅಭಿಮನ್ಯುವಿನ ಶವದ ಮುಂದೆ ನಿಂತು, ಈ ಹುಡುಗನ ಸಾಹಸದ ಒಂದು ಪಾಲಾದರೂ ಇರುವಂಥ ಸಾವು ತನಗೆ ಬರಲಿ ಎಂದು ಬೇಡಿಕೊಂಡಾಗಲೂ ಛಲ ಬಿಡುವುದಿಲ್ಲವಲ್ಲ, ಹಾಗೆಯೇ ಇದು. ಕನ್ನಡದ ಓದುಗರಿಗೆ ಇಂಥ ಎದುರಾಳಿ ಅಪರಿಚಿತನಲ್ಲ.

ಆದ್ದರಿಂದ ಲಾಂತನಾಕ್‌ನ ಕೆಲಸ ಒಳ್ಳೆಯವನಾಗುವುದಲ್ಲ, ಗೆದ್ದವರ ಮುಂದೆ ಒಂದು ಪ್ರಶ್ನೆಯಾಗಿ ನಿಲ್ಲುವುದು. ಒಂದು ಪಕ್ಷ ‘ಕ್ಷಮೆಯಿಲ್ಲ’ ಎಂದರೆ ಇನ್ನೊಂದು ‘ಪ್ರಾಣಭಿಕ್ಷೆಯಿಲ್ಲ’ ಎನ್ನುತ್ತಿದ್ದ ಯುದ್ಧದಲ್ಲಿ, ಮನುಷ್ಯತ್ವಕ್ಕೆ ತಾನೊಬ್ಬನೇ ವಾರಸುದಾರನೆಂದು ನಂಬಿದ್ದ ಗಣರಾಜ್ಯದ ಕೈಯಿಂದ ಆ ಹಕ್ಕನ್ನು ಅವನು ಕ್ಷಣಕಾಲ ಕಸಿದುಕೊಳ್ಳುತ್ತಾನೆ. ಗೋವೆನ್‌ಗೆ ತಡೆಯಲಾಗದೆ ಇರುವುದು ಅದೇ.

ಹ್ಯೂಗೋ ಇದನ್ನು ಸುಮ್ಮನೆ ಕಲ್ಪಿಸಿಕೊಂಡಿರಲಿಲ್ಲ. ಅವನ ತಂದೆ ವಾಂದೇಯಲ್ಲಿ ಗಣರಾಜ್ಯದ ಸೈನಿಕನಾಗಿ ಹೋರಾಡಿದವನು. ನಾಂತ್ ನಗರದ ಅವನ ತಾಯಿಯ ಒಲವು ರಾಜಪಕ್ಷದ ಕಡೆಗೆ. ಅದಕ್ಕಿಂತ ಹತ್ತಿರದ ಗಾಯವೂ ಇತ್ತು. 1871ರ ಮೇ ತಿಂಗಳಲ್ಲಿ ಪ್ಯಾರಿಸಿನ ಜನ ದಂಗೆ ಎದ್ದು ಕಟ್ಟಿಕೊಂಡಿದ್ದ ನಗರಾಡಳಿತವಾದ ಪ್ಯಾರಿಸ್ ಕಮ್ಯೂನನ್ನು ರಕ್ತದಲ್ಲಿ ಅದ್ದಿ ಅಡಗಿಸಿದಾಗ, ಓಡಿಬಂದವರಿಗೆ ಬ್ರಸೆಲ್ಸಿನ ತನ್ನ ಮನೆಯಲ್ಲಿ ಆಶ್ರಯ ಕೊಡುವೆನೆಂದು ಸಾರಿದ್ದಕ್ಕಾಗಿ ಬೆಲ್ಜಿಯಂ ಸರ್ಕಾರ ಅವನನ್ನು ದೇಶದಿಂದ ಹೊರಹಾಕಿತು. ಕಾದಂಬರಿ ಪ್ರಕಟವಾದದ್ದು 1874ರಲ್ಲಿ. ಸೋತವರನ್ನು ಏನು ಮಾಡಬೇಕು ಎಂಬುದು ಆಗಿನ ಫ್ರೆಂಚ್ ಓದುಗರಿಗೆ ಇತಿಹಾಸದ ಪ್ರಶ್ನೆಯಾಗಿರಲಿಲ್ಲ, ಅವರ ಬೀದಿಯ ಪ್ರಶ್ನೆಯಾಗಿತ್ತು.

ಗೋವೆನ್ ತನ್ನ ನಿಲುವಂಗಿಯನ್ನು ಲಾಂತನಾಕ್‌ಗೆ ಹೊದಿಸಿ ಹೊರಗೆ ಕಳುಹಿಸಿ, ಅವನ ಜಾಗದಲ್ಲಿ ತಾನು ಉಳಿಯುತ್ತಾನೆ. ಅವನನ್ನು ಮಗನಂತೆ ಬೆಳೆಸಿದ ಗುರು ಸಿಮೂರ್ದೆನ್ ಅವನಿಗೆ ಮರಣದಂಡನೆ ವಿಧಿಸಿ, ಗಿಲೋಟಿನ್ ಇಳಿದ ಕ್ಷಣದಲ್ಲೇ ತನ್ನ ಎದೆಗೆ ಗುಂಡು ಹಾರಿಸಿಕೊಳ್ಳುತ್ತಾನೆ. ಲಾಂತನಾಕ್ ಕೃತಜ್ಞತೆಯ ಒಂದು ಮಾತೂ ಆಡದೆ ಕತ್ತಲಲ್ಲಿ ಹೊರಟುಹೋಗಿದ್ದಾನೆ. ಹ್ಯೂಗೋ ಅವನನ್ನು ಮತ್ತೆ ನಮ್ಮ ಮುಂದೆ ತರುವುದಿಲ್ಲ.

ಇಪ್ಪತ್ತರ ವಯಸ್ಸಿನಲ್ಲಿ ಆ ಬಿಡುಗಡೆಯನ್ನು ಓದಿ ಕಣ್ಣೀರು ಹಾಕಿದ್ದೆ. ಈ ಸಲ ಆ ಪುಟದಲ್ಲಿ ನನಗೆ ನೆನಪಾದವನು ಭಿಕ್ಷುಕ ತೆಲ್‌ಮಾರ್ಶ್. ಸುಟ್ಟ ಹಳ್ಳಿಯನ್ನೂ ಬಿದ್ದ ಹೆಣಗಳನ್ನೂ ನೋಡಿ ಅವನು, ತನಗೆ ಮೊದಲೇ ತಿಳಿದಿದ್ದರೆ ಎಂದು ಕೊರಗುತ್ತಾನೆ. ಗೋವೆನ್‌ಗೆ ಎಲ್ಲವೂ ತಿಳಿದಿತ್ತು.