ಯುಪಿಐ ಬಿಟ್ಟ ಮಾತ್ರಕ್ಕೆ ಜಿಎಸ್‌ಟಿ ತಪ್ಪೋದಿಲ್ಲ

‘ಯುಪಿಐ ತಗೊಂಡ್ರೆ ಮಾತ್ರ ಜಿಎಸ್‌ಟಿ, ನಗದಿಗೆ ಇಲ್ಲ’ ಅನ್ನೋ ಮೆಸೇಜ್ ಅಂಗಡಿಯವರ ಮೊಬೈಲ್‌ಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ತೆರಿಗೆ ಇಲಾಖೆಯಿಂದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದಾಗ ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು ‘ನಗದು ಮಾತ್ರ’ ಎಂದು ಚೀಟಿ ಅಂಟಿಸಿದ್ದರು. ಪಾಪ, ಭಯ ಸಹಜವೇ. ಆದರೆ ಲೆಕ್ಕಕ್ಕೆ ಬರುವುದು ವರ್ಷದ ಒಟ್ಟು ವಹಿವಾಟು, ದುಡ್ಡು ಹೇಗೆ ಬಂತು ಅನ್ನೋದಲ್ಲ. ಕರ್ನಾಟಕದಲ್ಲಿ ಬರೀ ಸರಕು ಮಾರುವವರು 40 ಲಕ್ಷ, ಸೇವೆ ಕೊಡುವವರು 20 ಲಕ್ಷ ರೂಪಾಯಿ ದಾಟಿದರೆ ನೋಂದಣಿ ಬೇಕು. ಹಾಲು, ತರಕಾರಿಯಂಥ ತೆರಿಗೆ ಇಲ್ಲದ್ದನ್ನಷ್ಟೇ ಮಾರುವವರಿಗೆ ಬೇಡ.

ಭಾವಮೈದ ವಾಪಸ್ ಕೊಟ್ಟ ಸಾಲವೂ ಅಂಗಡಿ ಖಾತೆಗೇ ಬಂದರೆ ವ್ಯಾಪಾರದ ಹಣದಂತೆಯೇ ಕಾಣುತ್ತದೆ, ಅಲ್ವಾ? ಮನೆಗೊಂದು, ಅಂಗಡಿಗೊಂದು ಖಾತೆ ಇಡಿ. ರಾತ್ರಿ ಗಲ್ಲಾ ಎಣಿಸುವಾಗಲೇ ನಗದು, ಯುಪಿಐ ಎರಡನ್ನೂ ಪುಸ್ತಕದಲ್ಲಿ ಬರೆಯಿರಿ.